ಐದನೇ ತರಗತಿಯ ಭಾಗಾಕಾರ

(ಮಾತಾಡುತ್ತಿರುವವರಲ್ಲಿ ಒಬ್ಬರು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾದ ಶಿಕ್ಷಕಿ. ಇನ್ನೊಬ್ಬರು ಅವರ ಹಳೆಯ ವಿದ್ಯಾರ್ಥಿ, ಬೆಂಗಳೂರಿನ ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆ ನಡೆಸುವವರು.)

ಉದ್ಯಮಿ: ಮೇಡಂ, ಕೆಲಸ ಕೇಳಿಕೊಂಡು ಬರುವ ಹುಡುಗರಿಗೆ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ. 0.4 ದೊಡ್ಡದೋ, 0.35 ದೊಡ್ಡದೋ? ಬರುವವರೆಲ್ಲ ಎಸ್ಸೆಸ್ಸೆಲ್ಸಿ ಪಾಸಾದವರು, ಮೇಲೆ ಐಟಿಐ ಮಾಡಿದವರು. ಆದರೂ ಎಷ್ಟೋ ಜನ 0.35 ಅನ್ನುತ್ತಾರೆ. ‘ಮೂವತ್ತೈದು ನಾಲ್ಕಕ್ಕಿಂತ ದೊಡ್ಡದಲ್ವಾ ಸಾರ್’ ಅಂತ ಒಬ್ಬ ಕಾರಣವನ್ನೂ ಕೊಟ್ಟ. ಚೀನಾ, ಕೊರಿಯಾಗಳ ಜೊತೆ ನಾವು ಪೈಪೋಟಿಗೆ ನಿಲ್ಲಬೇಕು ಅಂತ ಎಲ್ಲ ಕಡೆ ಭಾಷಣ ಕೇಳುತ್ತೇನೆ. ನಾವು ಎಲ್ಲಿ ಹಿಂದೆ ಬೀಳುತ್ತಿದ್ದೇವೆ ಅನ್ನುವುದು ನನಗೆ ಈ ಪ್ರಶ್ನೆಯಲ್ಲೇ ಕಾಣುತ್ತದೆ.

ಶಿಕ್ಷಕಿ: ಅವನ ಕಾರಣವನ್ನು ನೀನು ಪೂರ್ತಿ ಕೇಳಿಸಿಕೊಂಡದ್ದು ಒಳ್ಳೇದಾಯಿತು. ಅವನು ದಡ್ಡನಲ್ಲಪ್ಪ. ಪೂರ್ಣಸಂಖ್ಯೆಗೆ ಕಲಿತ ನಿಯಮವನ್ನೇ ದಶಮಾಂಶಕ್ಕೂ ಹಚ್ಚಿದ್ದಾನೆ. ಬಿಂದುವಿನ ಬಲಕ್ಕೆ ಮೊದಲ ಮನೆ ಹತ್ತನೇ ಒಂದು ಭಾಗದ್ದು, ಎರಡನೆಯದು ನೂರನೇ ಒಂದು ಭಾಗದ್ದು ಅನ್ನುವುದು ಅವನಿಗೆ ಹತ್ತು ಹನ್ನೊಂದರ ವಯಸ್ಸಿನಲ್ಲಿ ಮನಸ್ಸಿಗೆ ಇಳಿಯಬೇಕಿತ್ತು, ಇಳಿಯಲಿಲ್ಲ. ನಿನ್ನ ಹತ್ತಿರ ಬರುವ ಹೊತ್ತಿಗೆ ಇಪ್ಪತ್ತಾಗಿದೆ. ನಡುವಿನ ಅಷ್ಟೂ ವರ್ಷ ಅವನನ್ನು ಯಾರೂ ಈ ಪ್ರಶ್ನೆ ಕೇಳಿಲ್ಲ. ಅದಿರಲಿ, ನಿನ್ನ ಕಾರ್ಖಾನೆಯಲ್ಲಿ ಆ ಬಿಂದುವಿನಿಂದ ಏನು ಕೆಡುತ್ತದೆ, ಬಿಡಿಸಿ ಹೇಳು. ನಮ್ಮ ಶಿಕ್ಷಕರು ಇದನ್ನು ಕೇಳಿಸಿಕೊಳ್ಳಬೇಕು.

ಉದ್ಯಮಿ: ಒಂದು ಸಣ್ಣ ಶಾಫ್ಟ್ ಅಂತ ಇಟ್ಟುಕೊಳ್ಳಿ. ಡ್ರಾಯಿಂಗ್‌ನಲ್ಲಿ ವ್ಯಾಸ 25 ಮಿಲಿಮೀಟರ್, ಹೆಚ್ಚು ಕಡಿಮೆ 0.02 ಇರಬಹುದು ಅಂತ ಬರೆದಿರುತ್ತಾರೆ. ಸಿಎನ್‌ಸಿ ಯಂತ್ರದಲ್ಲಿ ಟೂಲ್ ಸವೆಯುತ್ತಾ ಹೋದಂತೆ ಜಾಬ್, ಅಂದರೆ ನಾವು ಮಾಡುತ್ತಿರುವ ಭಾಗ, ದಪ್ಪವಾಗುತ್ತಾ ಬರುತ್ತದೆ. ಆಪರೇಟರ್ ಮೈಕ್ರೋಮೀಟರ್ ಹಿಡಿದು ನೋಡುತ್ತಾನೆ, 25.03 ಇದೆ. ಟೂಲಿನ ಜಾಗ ತಿದ್ದುವ ಆಫ್‌ಸೆಟ್‌ನಲ್ಲಿ 0.03 ಕಳೆಯಬೇಕು. 0.3 ಕಳೆದರೆ ಮುಂದಿನ ಜಾಬ್ ಸ್ಕ್ರಾಪ್. ಎಷ್ಟೋ ಯಂತ್ರಗಳಲ್ಲಿ ಪ್ರೋಗ್ರಾಂ ಬರೆಯುವಾಗ 50 ಅಂತ ಹಾಕಿ ಬಿಂದು ಬಿಟ್ಟರೆ, ಯಂತ್ರ ಅದನ್ನು ಐವತ್ತು ಮಿಲಿಮೀಟರ್ ಅಂತ ಓದುವುದಿಲ್ಲ, ಐವತ್ತು ಮೈಕ್ರಾನ್ ಅಂತ ಓದುತ್ತದೆ. ಟೂಲ್ ಹೋಗಿ ಜಾಬನ್ನು ಹಿಡಿದಿರುವ ಚಕ್‌ಗೆ ಬಡಿಯಬಹುದು. ಲೆಕ್ಕದ ಮಾತು ಇದಾಯಿತು, ವಿಜ್ಞಾನದ್ದು ಇನ್ನೊಂದು. ಈಗಷ್ಟೇ ಯಂತ್ರದಿಂದ ಇಳಿದ ಉಕ್ಕು ಬಿಸಿ ಇರುತ್ತದೆ. ನೂರು ಮಿಲಿಮೀಟರ್ ಉದ್ದದ ಉಕ್ಕು ಹತ್ತು ಡಿಗ್ರಿ ಕಾದರೆ ಸುಮಾರು 0.012 ಮಿಲಿಮೀಟರ್ ಹಿಗ್ಗುತ್ತದೆ. ಬಿಸಿ ಜಾಬನ್ನು ಅಳೆದು ಸರಿಯಿದೆ ಅಂತ ಪ್ಯಾಕ್ ಮಾಡಿದರೆ, ಗ್ರಾಹಕರ ತಪಾಸಣೆ ಕೋಣೆಯಲ್ಲಿ ಅದು ಚಿಕ್ಕದಾಗಿರುತ್ತದೆ, ಇಡೀ ಲಾಟ್ ವಾಪಸ್ ಬರುತ್ತದೆ. ಘನವಸ್ತು ಕಾದರೆ ಹಿಗ್ಗುತ್ತದೆ ಅಂತ ಬರೆದು ಅಂಕ ತಗೊಂಡ ಹುಡುಗರೇ ಇವರು. ಕೈಯಲ್ಲಿರುವ ಉಕ್ಕೂ ಘನವಸ್ತು ಅನ್ನುವ ಯೋಚನೆ ಮಾತ್ರ ಬರುವುದಿಲ್ಲ.

ಶಿಕ್ಷಕಿ: ಹೇಗೆ ಬಂದೀತು? ಹತ್ತನೇ ತರಗತಿಯಲ್ಲಿ ನಾವು ಅವರಿಗೆ ಕೊಟ್ಟದ್ದೇನು ಗೊತ್ತಾ? ಪಾಸಿಂಗ್ ಪ್ಯಾಕೇಜ್. ಡಿಸೆಂಬರ್ ಬಂತು ಅಂದರೆ ಹಿಂದುಳಿದ ಮಕ್ಕಳನ್ನು ಬೇರೆ ಕೂರಿಸಿ ಒಂದು ಪಟ್ಟಿ ಕೊಡುತ್ತಿದ್ದೆವು. ಗಣಿತದಲ್ಲಿ ನಕ್ಷೆ ಎಳೆಯುವುದು, ಒಂದೆರಡು ರಚನೆ, ಥೇಲ್ಸ್ ಪ್ರಮೇಯ. ವಿಜ್ಞಾನದಲ್ಲಿ ಹೃದಯದ ಚಿತ್ರ, ಕಣ್ಣಿನ ಚಿತ್ರ, ವಿದ್ಯುತ್ ಮೋಟಾರಿನ ಚಿತ್ರ. ಆಂತರಿಕ ಮೌಲ್ಯಮಾಪನದ 20 ಅಂಕ ಹೇಗೂ ಇದೆ, ಬರೆಯುವ 80ರಲ್ಲಿ ಇಷ್ಟು ಮಾಡಿದರೆ ದಡ ಸೇರಬಹುದು. ಪ್ರಮೇಯವನ್ನು ಪದ್ಯದ ಹಾಗೆ ಬಾಯಿಪಾಠ ಮಾಡಿದ ಮಕ್ಕಳನ್ನು ನೋಡಿದ್ದೇನೆ. ತ್ರಿಭುಜದ ಹೆಸರು ಎಬಿಸಿ ಬದಲು ಪಿಕ್ಯೂಆರ್ ಆದರೆ ಅಲ್ಲೇ ನಿಂತುಬಿಡುತ್ತಾರೆ. ಶಿಕ್ಷಕರನ್ನು ಬೈದು ಪ್ರಯೋಜನವಿಲ್ಲ. ಜಿಲ್ಲೆಗೆ ಎಷ್ಟನೇ ಸ್ಥಾನ ಬಂತು ಅನ್ನುವುದನ್ನು ಮೇಲಿನವರು ಕೇಳುತ್ತಾರೆ. ಮಗುವಿಗೆ ಭಿನ್ನರಾಶಿ ಬರುತ್ತದಾ ಅಂತ ಕೇಳಿದ ಅಧಿಕಾರಿ ಬಲು ಅಪರೂಪ.

ಉದ್ಯಮಿ: 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೋಣೆಗೆ ಕ್ಯಾಮೆರಾ ಹಾಕಿ ವೆಬ್‌ಕಾಸ್ಟಿಂಗ್ ಮಾಡಿದಾಗ ಫಲಿತಾಂಶ ಕುಸಿಯಿತಲ್ಲ.

ಶಿಕ್ಷಕಿ: ಹೂಂ. ಹಿಂದಿನ ವರ್ಷ ಶೇ. 83.89 ಇದ್ದದ್ದು ಆ ವರ್ಷ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 20ಕ್ಕೆ ಏರಿಸಿದ ಮೇಲೆ. ಪತ್ರಿಕೆಗಳೆಲ್ಲ ನಕಲಿನ ಬಗ್ಗೆ ಬರೆದವು. ನನಗೆ ನಕಲಿಗಿಂತ ಹೆಚ್ಚು ನೋವಾದದ್ದು ಬೇರೆ. ನಮ್ಮ ಮಕ್ಕಳಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಅನ್ನುವ ನಿಜವನ್ನು ಅಷ್ಟು ವರ್ಷ ನಾವೇ ಮುಚ್ಚಿಟ್ಟಿದ್ದೆವು. ರೋಗ ಗೊತ್ತಿದ್ದೂ ಹೇಳದೆ ಇದ್ದಂತಾಯಿತು.

ಉದ್ಯಮಿ: ದೇಶದ ಮಟ್ಟದಲ್ಲೂ ಅದೇ ಆಗಿದೆ. ಹದಿನೈದು ವರ್ಷದ ಮಕ್ಕಳ ಗಣಿತ, ವಿಜ್ಞಾನ, ಓದು ಅಳೆಯುವ ಪಿಸಾ ಪರೀಕ್ಷೆಗೆ 2009ರ ಸುತ್ತಿನಲ್ಲಿ ತಮಿಳುನಾಡು, ಹಿಮಾಚಲ ಪ್ರದೇಶ ಎರಡೇ ರಾಜ್ಯ ಹೋದವು. ಎಪ್ಪತ್ತಕ್ಕೂ ಹೆಚ್ಚು ದೇಶ, ಪ್ರದೇಶಗಳ ಪಟ್ಟಿಯಲ್ಲಿ ಅವುಗಳ ಕೆಳಗೆ ಇದ್ದದ್ದು ಕಿರ್ಗಿಸ್ತಾನ ಒಂದೇ. ಪ್ರಶ್ನೆಗಳು ನಮ್ಮ ಮಕ್ಕಳಿಗೆ ಹೊಂದುವಂಥವಲ್ಲ ಅಂತ ಹೇಳಿ ಆಮೇಲಿನ ಸುತ್ತುಗಳಿಂದ ಹೊರಗೆ ಉಳಿದೆವು. ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಮಾಡುವ ಅಸರ್ ಸಮೀಕ್ಷೆ ಇಲ್ಲದಿದ್ದರೆ ನಮಗೆ ಏನೂ ತಿಳಿಯುತ್ತಿರಲಿಲ್ಲ. 2024ರ ವರದಿಯಲ್ಲಿ, ಐದನೇ ತರಗತಿಯ ಗ್ರಾಮೀಣ ಮಕ್ಕಳಲ್ಲಿ ಮೂರಂಕಿಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 30.7. ಅದರ ಹಿಂದಿನ ವರ್ಷ 28 ಜಿಲ್ಲೆಗಳಲ್ಲಿ 14ರಿಂದ 18 ವಯಸ್ಸಿನವರನ್ನು ನೋಡಿದಾಗ ಅದೇ ಭಾಗಾಕಾರ ಮಾಡಿದವರು ಶೇ. 43.3. ನಡುವಿನ ಅಷ್ಟು ವರ್ಷಗಳ ಶಾಲೆ ಏನು ಸೇರಿಸಿತು ಮೇಡಂ? ಹನುಶೆಕ್, ವೋಸ್ಮನ್ ಅನ್ನುವ ಇಬ್ಬರು ಅರ್ಥಶಾಸ್ತ್ರಜ್ಞರು ಹತ್ತಾರು ದೇಶಗಳ ಲೆಕ್ಕ ತೆಗೆದು ಇದನ್ನೇ ತೋರಿಸಿದ್ದಾರೆ. ಮಕ್ಕಳು ಎಷ್ಟು ವರ್ಷ ಶಾಲೆಗೆ ಹೋದರು ಅನ್ನುವುದಕ್ಕಿಂತ, ಗಣಿತ ವಿಜ್ಞಾನದಲ್ಲಿ ಅವರಿಗೆ ನಿಜವಾಗಿ ಏನು ಬರುತ್ತದೆ ಅನ್ನುವುದಕ್ಕೂ ದೇಶದ ಆರ್ಥಿಕ ಬೆಳವಣಿಗೆಗೂ ಬಹಳ ಹತ್ತಿರದ ನಂಟಿದೆಯಂತೆ.

ಶಿಕ್ಷಕಿ: ನಂಟಿರಬಹುದು. ಆದರೆ ಅದನ್ನು ಅಷ್ಟು ಸಲೀಸಾಗಿ ಒಪ್ಪಬೇಡ. ಅಮೆರಿಕವನ್ನೇ ನೋಡು. 1957ರ ಅಕ್ಟೋಬರ್‌ನಲ್ಲಿ ರಷ್ಯನ್ನರು ಸ್ಪುಟ್ನಿಕ್ ಹಾರಿಸಿದರು. ನಮ್ಮ ಶಾಲೆಗಳು ಹಾಳಾಗಿವೆ ಅಂತ ಅಲ್ಲಿ ಗಾಬರಿ ಎದ್ದಿತು, ಮಾರನೇ ವರ್ಷವೇ ಗಣಿತ, ವಿಜ್ಞಾನ ಬೋಧನೆಗೆ ಹಣ ಸುರಿಯುವ ಕಾನೂನು ಬಂತು. 1964ರಲ್ಲಿ ಹನ್ನೆರಡು ದೇಶಗಳ ಗಣಿತ ಪರೀಕ್ಷೆ ನಡೆದಾಗ ಅವರ ಮಕ್ಕಳು ಕೊನೆಯ ಸಾಲಿನಲ್ಲೇ ಇದ್ದರು. 1983ರಲ್ಲಿ ಇನ್ನೊಂದು ವರದಿ ಬಂತು, ‘ಎ ನೇಷನ್ ಅಟ್ ರಿಸ್ಕ್’ ಅಂತ. ಜಪಾನ್ ನಮ್ಮನ್ನು ನುಂಗಿಬಿಡುತ್ತದೆ ಅನ್ನುವ ಭಯ. ಆಮೇಲೇನಾಯಿತು? ತೊಂಬತ್ತರ ದಶಕದಲ್ಲಿ ಮಂಕಾದದ್ದು ಜಪಾನಿನ ಆರ್ಥಿಕತೆ, ಮೇಲೆದ್ದದ್ದು ಅಮೆರಿಕದ್ದು. ಇನ್ನು ಸೋವಿಯತ್ ಒಕ್ಕೂಟ. ನವಕರ್ನಾಟಕದ ಮಳಿಗೆಯಲ್ಲಿ ಕೆಲವೇ ರೂಪಾಯಿಗೆ ಸಿಗುತ್ತಿದ್ದ ಮೀರ್ ಪ್ರಕಾಶನದ ಪುಸ್ತಕಗಳಿಂದಲೇ ನಾನು ಭೌತಶಾಸ್ತ್ರವನ್ನು ಪ್ರೀತಿಸಲು ಕಲಿತದ್ದು. ಕೊಲ್ಮೊಗೊರೊವ್‌ನಂಥ ಮಹಾ ಗಣಿತಜ್ಞ ಶಾಲಾಮಕ್ಕಳಿಗೆ ಪಾಠ ಮಾಡಿದ ದೇಶ ಅದು. 1991ರಲ್ಲಿ ಒಡೆದು ಹೋಯಿತು. ಒಳ್ಳೆ ಗಣಿತ ಕಲಿಸಿದರೆ ಸಾಕು, ದೇಶ ಉದ್ಧಾರವಾಗುತ್ತದೆ ಅಂತ ಹೇಳಲಾಗದು.

ಉದ್ಯಮಿ: ಒಪ್ಪಿದೆ. ಆದರೆ ಅಮೆರಿಕದ ಕಥೆಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ತಮ್ಮ ಶಾಲೆಯಲ್ಲಿ ತಯಾರಾಗದವರನ್ನು ಅವರು ಹೊರಗಿನಿಂದ ತರಿಸಿಕೊಂಡರು. ನನ್ನ ಜೊತೆ ಓದಿದವರಲ್ಲೇ ಎಷ್ಟು ಜನ ಅಲ್ಲಿದ್ದಾರೆ, ನಿಮಗೇ ಗೊತ್ತು. ಅವರಿಗೆ ಕಲಿಸಿದ ಖರ್ಚು ನಮ್ಮದು, ಅವರ ದುಡಿಮೆಯ ಫಲ ಅಲ್ಲಿಯದು. ನಮಗೆ ಹಾಗೆ ಹೊರಗಿನಿಂದ ಬರುವವರು ಯಾರೂ ಇಲ್ಲ. ನಮ್ಮ ಹಳ್ಳಿಯ ಶಾಲೆ ಏನು ಕಲಿಸುತ್ತದೋ ಅದರ ಮೇಲೇ ನಮ್ಮ ಕಾರ್ಖಾನೆ ನಿಂತಿರುವುದು.

ಶಿಕ್ಷಕಿ: ಇದು ನಿಜ. ಇದನ್ನು ನಾನು ಒಪ್ಪುತ್ತೇನೆ.

ಉದ್ಯಮಿ: ಬೆಂಗಳೂರಿನ ಕಥೆಯನ್ನೇ ತಗೊಳ್ಳಿ. 1940ರಲ್ಲಿ ಎಚ್‌ಎಎಲ್ ಆದ ವಿಮಾನ ಕಾರ್ಖಾನೆ ಬಂತು, 1948ರಲ್ಲಿ ಟೆಲಿಫೋನ್ ಕಾರ್ಖಾನೆಯಾದ ಐಟಿಐ, 1953ರಲ್ಲಿ ಎಚ್‌ಎಂಟಿ, 1954ರಲ್ಲಿ ಬಿಇಎಲ್. ಆ ಕಾರ್ಖಾನೆಗಳಲ್ಲಿ ಅಪ್ರೆಂಟಿಸ್ ಆಗಿ ಸೇರಿದ ಮಂಡ್ಯ, ತುಮಕೂರು, ಕೋಲಾರದ ಹುಡುಗರಿಗೆ ಡ್ರಾಯಿಂಗ್ ಓದುವುದು, ತ್ರಿಕೋನಮಿತಿ, ಲೋಹದ ಗುಣ ಎಲ್ಲವನ್ನೂ ಕೂರಿಸಿ ಕಲಿಸುತ್ತಿದ್ದರು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಸರ್ಕಾರಿ ಟೂಲ್ ರೂಂ ತರಬೇತಿ ಕೇಂದ್ರ, ಜಿಟಿಟಿಸಿ, ಶುರುವಾಯಿತು. ಅಲ್ಲೆಲ್ಲ ಕಲಿತವರು ಹೊರಗೆ ಬಂದು ಒಂದು ಲೇತ್ ಹಾಕಿಕೊಂಡು ಕೂತ ಶೆಡ್‌ಗಳೇ ಇವತ್ತಿನ ಪೀಣ್ಯ. ನನ್ನ ಮೊದಲ ಯಜಮಾನರು ಎಚ್‌ಎಂಟಿಯವರು. ಟೇಪರ್ ಕೋನ ಲೆಕ್ಕ ಹಾಕದೆ ಯಂತ್ರ ಮುಟ್ಟಲು ಬಿಡುತ್ತಿರಲಿಲ್ಲ. ಹೊರಗಿನವರು ಬೆಂಗಳೂರು ಅಂದರೆ ಸಾಫ್ಟ್‌ವೇರ್ ಅನ್ನುತ್ತಾರೆ. ಅದಕ್ಕಿಂತ ಮೊದಲು ಇಲ್ಲಿ ನೂರನೇ ಒಂದು ಮಿಲಿಮೀಟರ್ ಅಳೆಯಬಲ್ಲ ಸಾವಿರಾರು ಕೈಗಳಿದ್ದವು. ಆ ಕೈಗಳು ಈಗ ನಿವೃತ್ತವಾಗುತ್ತಿವೆ.

ಶಿಕ್ಷಕಿ: ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದದ್ದನ್ನು ಎಲ್ಲರೂ ಹೇಳುತ್ತಾರೆ. 1913ರಲ್ಲೇ ಕಡ್ಡಾಯ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದದ್ದನ್ನು ಮರೆಯುತ್ತಾರೆ. ಕಾರ್ಖಾನೆಯನ್ನೂ ಹಳ್ಳಿಯ ಶಾಲೆಯನ್ನೂ ಒಟ್ಟಿಗೆ ಯೋಚಿಸಿದವರು ಅವರು. ಈಗ ಪೈಪೋಟಿಯ ಮಾತೆತ್ತಿದರೆ ಸಾಕು, ನಮ್ಮವರ ಕಣ್ಣು ಐಐಟಿಯ ಕಡೆಗೇ ಹೋಗುತ್ತದೆ. ಜೆಇಇ ಕೋಚಿಂಗ್, ನೀಟ್ ಕೋಚಿಂಗ್, ಆರನೇ ತರಗತಿಯಿಂದಲೇ ಫೌಂಡೇಶನ್ ಕೋರ್ಸ್. ತರಗತಿಯ ಮೊದಲ ಐದು ಮಕ್ಕಳಿಗೆ ಇಡೀ ಊರೇ ಓಡಾಡುತ್ತದೆ. ಉಳಿದವರು? ನಿನ್ನ ಯಂತ್ರದ ಮುಂದೆ ನಿಲ್ಲುವವರು ಆ ಉಳಿದವರೇ. ಆಸ್ಪತ್ರೆಯಲ್ಲಿ ಔಷಧಿಯ ಪ್ರಮಾಣ ಅಳೆಯುವ ನರ್ಸ್ ಅವರೇ. ದೇಶದ ಬಲ ಅವರ ಮೇಲಿದೆ ಅಂತ ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಆದರೆ ಇನ್ನೊಂದು ಮಾತನ್ನೂ ಹೇಳಬೇಕು, ನಿನಗೆ ಹಿಡಿಸದೆ ಇರಬಹುದು.

ಉದ್ಯಮಿ: ಹೇಳಿ ಮೇಡಂ.

ಶಿಕ್ಷಕಿ: ನಿನ್ನ ಕಾರ್ಖಾನೆಗೆ ಆಳು ಒದಗಿಸುವುದಕ್ಕೆ ನಾನು ಗಣಿತ ಕಲಿಸಲಿಲ್ಲ. ನಮ್ಮ ಶಾಲೆಯ ಅರ್ಧಕ್ಕೂ ಹೆಚ್ಚು ಹೆಣ್ಣುಮಕ್ಕಳು ಯಾವ ಕಾರ್ಖಾನೆಗೂ ಹೋಗಲಿಲ್ಲ. ಅವರಿಗೆ ಗಣಿತ ಬೇಡವಾ? ಮನೆಬಾಗಿಲಿಗೆ ಸಾಲ ಕೊಡಲು ಬರುವವರು ಹೇಳುವ ಮಾತು ಕೇಳು. ಹತ್ತು ಸಾವಿರ ಸಾಲ, ವರ್ಷಕ್ಕೆ ಶೇ. 12 ಬಡ್ಡಿ, ಹನ್ನೆರಡು ಕಂತು, ತಿಂಗಳಿಗೆ 933 ರೂಪಾಯಿ ಚಿಲ್ಲರೆ. ಕೇಳಿದರೆ ಬ್ಯಾಂಕಿನಷ್ಟೇ ಅನ್ನಿಸುತ್ತದೆ. ಆದರೆ ಪ್ರತಿ ತಿಂಗಳೂ ಅಸಲು ಕರಗುತ್ತಿದೆ, ಬಡ್ಡಿ ಮಾತ್ರ ಪೂರ್ತಿ ಹತ್ತು ಸಾವಿರಕ್ಕೇ ಕಟ್ಟಿಸಿಕೊಳ್ಳುತ್ತಾರೆ. ಲೆಕ್ಕ ಹಾಕಿ ನೋಡಿದರೆ ನಿಜವಾದ ಬಡ್ಡಿ ಶೇ. 21 ದಾಟುತ್ತದೆ. ಶೇಕಡಾವಾರು ಬಲ್ಲ ಹೆಂಗಸು ಅಲ್ಲಿ ಒಂದು ಪ್ರಶ್ನೆ ಕೇಳುತ್ತಾಳೆ. ಮೈಕ್ರೊಫೈನಾನ್ಸ್ ಕಿರುಕುಳ ತಡೆಯಲು 2025ರಲ್ಲಿ ನಮ್ಮ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು, ಅಷ್ಟರ ಮಟ್ಟಿಗೆ ಮನೆಗಳು ಹಾಳಾಗಿದ್ದವು. ಕಾನೂನು ಬೇಕು. ಅದರ ಜೊತೆಗೆ ಏಳನೇ ತರಗತಿಯ ಬಡ್ಡಿ ಲೆಕ್ಕವೂ ಬೇಕು.

ಉದ್ಯಮಿ: ಇದನ್ನು ಆರ್ಥಿಕತೆಯ ಹೊರಗಿನ ಮಾತು ಅಂತ ಯಾಕೆ ಅಂದುಕೊಂಡಿರಿ? ಆ ಮನೆಯ ದುಡ್ಡು ಬಡ್ಡಿಗೆ ಹೋಗದೆ ಉಳಿದರೆ ಅದೂ ದೇಶದ ದುಡ್ಡೇ ಅಲ್ಲವಾ?

ಶಿಕ್ಷಕಿ: ಸರಿ, ಹಾಗೆ ನೋಡುವುದಾದರೆ ನಮ್ಮಿಬ್ಬರಿಗೂ ಜಗಳವಿಲ್ಲ. ವಿಜ್ಞಾನವನ್ನೂ ಅದರಲ್ಲೇ ಸೇರಿಸು. ಪಾವಗಡ, ಮುಳಬಾಗಿಲು ಕಡೆ ಕೊಳವೆಬಾವಿ ಆಳಕ್ಕೆ ಇಳಿದಷ್ಟೂ ಫ್ಲೋರೈಡ್ ಕಾಟ ಹೆಚ್ಚಾಯಿತು. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು, ಮೂಳೆ ಕೆಡುತ್ತವೆ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಆವಿಯಾಗುವುದು ನೀರೇ ಹೊರತು ಲವಣವಲ್ಲ. ‘ಕುದಿಸಿ ಕುಡಿದರೆ ಎಲ್ಲ ಸರಿಹೋಗುತ್ತದೆ’ ಅಂತ ನಂಬಿದ ಎಷ್ಟು ಮನೆಗಳನ್ನು ನೋಡಿದ್ದೇನೆ! ದ್ರಾವಣ, ಆವಿಯಾಗುವಿಕೆ ಅನ್ನುವ ಪಾಠ ಪ್ರತಿ ಮಗುವಿನ ಪುಸ್ತಕದಲ್ಲೂ ಇದೆ. ಅದನ್ನು ಊರಿನ ನೀರಿನ ಜೊತೆ ಯಾರೂ ಸೇರಿಸಿ ಹೇಳಲಿಲ್ಲ.

ಉದ್ಯಮಿ: ಯಾಕೆ ಹೀಗಾಯಿತು? ಪಠ್ಯ ಇದೆ, ಶಾಲೆ ಇದೆ, ಬಿಸಿಯೂಟ ಇದೆ, ಮಕ್ಕಳೂ ಬರುತ್ತಾರೆ.

ಶಿಕ್ಷಕಿ: ಹಳ್ಳಿಯ ಕಿರಿಯ ಪ್ರಾಥಮಿಕ ಶಾಲೆಗೆ ಹೋಗಿ ನೋಡು. ಒಂದರಿಂದ ಐದರವರೆಗೆ ಐದು ತರಗತಿ, ಇಬ್ಬರು ಶಿಕ್ಷಕರು, ಕೆಲವು ಕಡೆ ಒಬ್ಬರೇ. ಅವರಲ್ಲಿ ಬಹಳ ಮಂದಿ ಪಿಯುಸಿಯಲ್ಲಿ ಕಲಾ ವಿಭಾಗ ಓದಿ ಡಿ.ಎಡ್ ಮಾಡಿದವರು, ಹತ್ತನೇ ತರಗತಿಯ ಆಮೇಲೆ ಗಣಿತ ಮುಟ್ಟಿದವರಲ್ಲ. ಅವರ ತಪ್ಪಲ್ಲ ಇದು, ಅವರನ್ನು ಆರಿಸಿದ ರೀತಿಯ ತಪ್ಪು. ಮೇಲೆ ಸಮೀಕ್ಷೆ, ಚುನಾವಣೆ, ಆ್ಯಪ್‌ನಲ್ಲಿ ಮಾಹಿತಿ ತುಂಬುವ ಕೆಲಸ. ಖಾಲಿ ಹುದ್ದೆಗೆ ಅತಿಥಿ ಶಿಕ್ಷಕರು, ತಿಂಗಳಿಗೆ ಹತ್ತು ಹನ್ನೆರಡು ಸಾವಿರಕ್ಕೆ. ಬೇಸಿಗೆ ರಜೆ ಬಂತು ಅಂದರೆ ಅದೂ ಇಲ್ಲ. ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾದ, ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ಒಂದರಿಂದ ಮೂರನೇ ತರಗತಿವರೆಗೆ ಮಕ್ಕಳನ್ನು ನಗುನಗುತ್ತಾ ಶಾಲೆಗೆ ತಂದಿತು. ಅದು ದೊಡ್ಡ ಕೆಲಸ, ನಮ್ಮ ಶಿಕ್ಷಕರೇ ಕಟ್ಟಿದ್ದು. ಆದರೆ ನಾಲ್ಕಕ್ಕೆ ಕಾಲಿಟ್ಟ ಕೂಡಲೇ ಕಾರ್ಡು ಹೋಗಿ ಪಠ್ಯಪುಸ್ತಕ ಬರುತ್ತದೆ, ಅದರ ಹಿಂದೆಯೇ ಭಿನ್ನರಾಶಿ. ಮಗು ಜಾರುವುದು ಸರಿಯಾಗಿ ಅಲ್ಲೇ.

ಉದ್ಯಮಿ: ಭಿನ್ನರಾಶಿ ಅಷ್ಟು ಮುಖ್ಯವಾ?

ಶಿಕ್ಷಕಿ: ನನ್ನ ಮಟ್ಟಿಗೆ ಇಡೀ ಶಾಲಾ ಗಣಿತದ ಬಾಗಿಲು ಅದೇ. ಅದು ಬಾರದವನಿಗೆ ದಶಮಾಂಶ ಬರುವುದಿಲ್ಲ, ಶೇಕಡಾವಾರು ಬರುವುದಿಲ್ಲ, ಅನುಪಾತ, ವೇಗ, ಸಾಂದ್ರತೆ, ಬೀಜಗಣಿತ ಯಾವುದೂ ಬರುವುದಿಲ್ಲ. ಅರ್ಧಕ್ಕೆ ಮೂರನೇ ಒಂದು ಸೇರಿಸು ಅಂದರೆ ಮಗು ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು ಸೇರಿಸಿ ಐದನೇ ಎರಡು ಅನ್ನುತ್ತದೆ. ಅರ್ಧಕ್ಕೆ ಏನೋ ಸೇರಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಹೇಗೆ ಬಂತು ಅಂತ ಅದಕ್ಕೆ ಅನುಮಾನವೇ ಬರುವುದಿಲ್ಲ. ಯಾಕಂದರೆ ನಾವು ಚೌಕಕ್ಕೆ ಬಣ್ಣ ಹಚ್ಚಿಸಿ ಬಿಟ್ಟೆವು. ಮುಕ್ಕಾಲು ಅನ್ನುವುದು ಒಂದು ಸಂಖ್ಯೆ, ಸೊನ್ನೆಗೂ ಒಂದಕ್ಕೂ ನಡುವೆ ಅದಕ್ಕೊಂದು ಜಾಗವಿದೆ ಅಂತ ತೋರಿಸಲಿಲ್ಲ. ಹಿಂದಿನ ಕಲಿಕೆಯ ಕೊರತೆ ತುಂಬುವ ಎಂಟನೇ ತರಗತಿಯ ಸೇತುಬಂಧದ ದಿನಗಳಲ್ಲಿ ನಾನು ಮಕ್ಕಳ ಕೈಗೆ ಕಾಗದದ ಉದ್ದ ಪಟ್ಟಿ ಕೊಟ್ಟು ಮಡಿಸಿಸುತ್ತಿದ್ದೆ. ಅರ್ಧ, ಕಾಲು, ಅರೆಕಾಲು. ಆಮೇಲೆ ಟೇಪು ಕೊಟ್ಟು ಕಿಟಕಿ, ಬೆಂಚು, ಒಬ್ಬರನ್ನೊಬ್ಬರು ಅಳೆಯುವುದು. ಒಂದು ಮೀಟರ್ ಮೂವತ್ತೈದು ಸೆಂಟಿಮೀಟರ್ ಉದ್ದದ ಹುಡುಗ 1.35, ಒಂದು ಮೀಟರ್ ನಲವತ್ತು ಇರುವವನು 1.4. ಯಾರು ಎತ್ತರ ಅಂತ ಪಕ್ಕಪಕ್ಕ ನಿಲ್ಲಿಸಿದರೆ ನೀನು ಕೇಳುವ ಪ್ರಶ್ನೆಗೆ ಉತ್ತರ ಅಲ್ಲೇ ಸಿಗುತ್ತಿತ್ತು. ಖರ್ಚು ಏನೂ ಇಲ್ಲ. ಬೇಕಾದದ್ದು ಎರಡು ವಾರದ ಸಮಯ. ಅಷ್ಟು ಹೊತ್ತಿಗೆ ‘ಸಿಲಬಸ್ ಎಲ್ಲಿಗೆ ಬಂತು’ ಅಂತ ಕೇಳುವವರು ಬಂದಿರುತ್ತಿದ್ದರು.

ಉದ್ಯಮಿ: ನಮ್ಮ ತಾತ ಕಾಲು ಮಗ್ಗಿ, ಮುಕ್ಕಾಲು ಮಗ್ಗಿ ಹೇಳುತ್ತಿದ್ದರು. ಸಂತೆಯಲ್ಲಿ ಯಾರೂ ಅವರಿಗೆ ಮೋಸ ಮಾಡಲು ಆಗುತ್ತಿರಲಿಲ್ಲ.

ಶಿಕ್ಷಕಿ: ಹನ್ನೆರಡನೇ ಶತಮಾನದಲ್ಲೇ ರಾಜಾದಿತ್ಯ ಕನ್ನಡದಲ್ಲಿ ‘ವ್ಯವಹಾರಗಣಿತ’ ಬರೆದ ನಾಡು ಇದು. ಲೆಕ್ಕ ನಮ್ಮ ಭಾಷೆಗೆ ಹೊಸದಲ್ಲ, ನಮ್ಮ ರೈತರಿಗೂ ಹೊಸದಲ್ಲ. ಆದರೆ ಬರೀ ಮಗ್ಗಿಗೆ ವಾಪಸ್ ಹೋಗು ಅಂತ ನಾನು ಹೇಳುವುದಿಲ್ಲ. ಬಾಯಿಗೂ ಬರಬೇಕು, ಅರ್ಥವೂ ಆಗಬೇಕು. ಕೊರಿಯಾದ ಮಾತು ನೀನೇ ಎತ್ತಿದೆಯಲ್ಲ. ಯುದ್ಧದಿಂದ ನುಚ್ಚುನೂರಾದ ದೇಶ ಅರವತ್ತರ ದಶಕದ ಹೊತ್ತಿಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳನ್ನೂ ಪ್ರಾಥಮಿಕ ಶಾಲೆಗೆ ತಂದಿತ್ತು. ವಿಶ್ವವಿದ್ಯಾಲಯಕ್ಕೆ ಹಣ ಸುರಿದದ್ದು ಆಮೇಲೆ. ನಾವು ಐಐಟಿ ಮೊದಲು ಕಟ್ಟಿದೆವು, ಹಳ್ಳಿಶಾಲೆಗೆ ಆಮೇಲೆ ಬಂದೆವು. ಐಐಟಿ ಬೇಡವಾಗಿತ್ತು ಅಂತಲ್ಲ. ಬುಡವನ್ನು ಅಷ್ಟು ವರ್ಷ ಬಿಟ್ಟಿರಬಾರದಿತ್ತು.

ಉದ್ಯಮಿ: ನಮ್ಮಂಥವರು ಏನು ಮಾಡಬಹುದು, ಅದನ್ನು ಹೇಳಿ. ಸಿಎಸ್‌ಆರ್ ಹಣ ಇರುವ ದೊಡ್ಡ ಕಂಪನಿಗಳನ್ನು ನೋಡಿ ನಾವು ಸಣ್ಣ ಕಾರ್ಖಾನೆಯವರೂ ಸೇರಿ ಒಂದು ಸ್ಮಾರ್ಟ್ ಕ್ಲಾಸ್ ಮಾಡಿಸಿಕೊಡೋಣ ಅಂತ ಮಾತಾಡಿಕೊಂಡಿದ್ದೇವೆ.

ಶಿಕ್ಷಕಿ: ಬೇಡ. ಪರದೆ, ಪ್ರೊಜೆಕ್ಟರ್ ಕೊಟ್ಟು ಫೋಟೊ ತೆಗೆಸಿಕೊಂಡು ಹೋದವರು ಬೇಕಾದಷ್ಟು ಜನ ಇದ್ದಾರೆ, ಎರಡು ಮಳೆಗಾಲ ಕಳೆದರೆ ಅದಕ್ಕೆ ಬೀಗ. ನಿನ್ನ ಹತ್ತಿರ ಹಳೆಯ ವರ್ನಿಯರ್, ಮೈಕ್ರೋಮೀಟರ್, ರಿಜೆಕ್ಟ್ ಆದ ಜಾಬ್‌ಗಳು ಇವೆಯಲ್ಲ, ಅವನ್ನು ಒಂದು ಪೆಟ್ಟಿಗೆಯಲ್ಲಿ ಹಾಕಿ ಪ್ರೌಢಶಾಲೆಗೆ ಕೊಡು. ಜೊತೆಗೆ ಯಂತ್ರ ಹೊಂದಿಸುತ್ತಿದ್ದ ನಿವೃತ್ತ ಸೆಟ್ಟರ್ ಒಬ್ಬರನ್ನು ಕಳಿಸು, ಮಕ್ಕಳ ಜೊತೆ ಕೂತು ಅಳೆಯಲಿ. ಬಿಸಿ ಉಕ್ಕಿನ ಕಥೆಯನ್ನು ಅವರು ಹೇಳಿದರೆ ಯಾವ ಮಗುವೂ ಮರೆಯುವುದಿಲ್ಲ. ಆದರೆ ಇದೆಲ್ಲ ಸಣ್ಣದು. ದೊಡ್ಡ ಕೆಲಸ ಸರ್ಕಾರದ್ದೇ. ಗಣಿತ ಚೆನ್ನಾಗಿ ಬಲ್ಲ ಒಬ್ಬ ಶಿಕ್ಷಕರು ಪ್ರತಿ ಶಾಲೆಯ ನಾಲ್ಕು, ಐದನೇ ತರಗತಿಗೆ ಇರಬೇಕು, ಹತ್ತನೇ ತರಗತಿಗಿಂತ ಮೊದಲು ಅಲ್ಲಿಗೆ. ಅವರು ಖಾಯಂ ಆಗಿರಬೇಕು, ಬೇರೆ ಕೆಲಸಕ್ಕೆ ಅವರನ್ನು ಎಳೆಯಬಾರದು. ಮಗುವಿಗೆ ಭಾಗಾಕಾರ ಬರುವವರೆಗೆ ಪಾಠ ಮುಂದೆ ಓಡಿಸದೆ ನಿಲ್ಲಿಸುವ ಹಕ್ಕು ಅವರಿಗಿರಬೇಕು.

ಉದ್ಯಮಿ: ಸರ್ಕಾರ ನಮ್ಮ ಮಾತು ಕೇಳುತ್ತದಾ?

ಶಿಕ್ಷಕಿ: ಶಿಕ್ಷಕರು ಕೇಳಿದರೆ ಸಂಬಳಕ್ಕೆ ಕೇಳುತ್ತಿದ್ದಾರೆ ಅನ್ನುತ್ತಾರೆ. ಬಡ ತಾಯ್ತಂದೆಯರು ಕೇಳಿದರೆ ಕೇಳಿಸುವುದೇ ಇಲ್ಲ. ನೀವು ಕೇಳಿದರೆ ಕೇಳಿಸುತ್ತದೆ. ನಿಮ್ಮ ಕೈಗಾರಿಕಾ ಸಂಘ ಬಜೆಟ್‌ಗೆ ಮೊದಲು ಮನವಿ ಕೊಡುತ್ತದಲ್ಲ, ಅದರಲ್ಲಿ ಏನಿರುತ್ತದೆ?

ಉದ್ಯಮಿ: ರಸ್ತೆ, ವಿದ್ಯುತ್ ದರ, ಭೂಮಿ, ತೆರಿಗೆ. ಕೌಶಲ ತರಬೇತಿ ಅಂತ ಒಂದು ಸಾಲು.

ಶಿಕ್ಷಕಿ: ಆ ಸಾಲನ್ನು ತಿದ್ದಿ. ಇಪ್ಪತ್ತರ ಹುಡುಗನಿಗೆ ತರಬೇತಿ ಕೊಡಿ ಅಂತ ಮಾತ್ರ ಕೇಳಬೇಡಿ, ಹತ್ತರ ಮಗುವಿಗೆ ಗಣಿತ ಶಿಕ್ಷಕರನ್ನು ಕೊಡಿ ಅಂತಲೂ ಕೇಳಿ. ನಿನ್ನ ಕಾರ್ಖಾನೆಯಲ್ಲಿ ಕೆಲಸ ಮಾಡುವವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೋ, ಅಲ್ಲಿಯ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಗೆ ಅವರು ಹೋಗುವ ದಿನ ಸಂಬಳ ಕತ್ತರಿಸದೆ ರಜೆ ಕೊಡು. ಅಲ್ಲಿ ಅವರು ಬೇರೇನೂ ಕೇಳಬೇಕಿಲ್ಲ. ನಮ್ಮ ಐದನೇ ತರಗತಿಯಲ್ಲಿ ಎಷ್ಟು ಮಕ್ಕಳಿಗೆ ಭಾಗಾಕಾರ ಬರುತ್ತದೆ, ಬಾರದ ಮಕ್ಕಳಿಗೆ ಈ ತಿಂಗಳು ಯಾರು ಕಲಿಸುತ್ತಾರೆ, ಇಷ್ಟನ್ನು ಪ್ರತಿ ಸಭೆಯಲ್ಲೂ ಕೇಳಲಿ. 2024ರ ಅಸರ್ ಲೆಕ್ಕದಲ್ಲಿ ಹತ್ತರಲ್ಲಿ ಸುಮಾರು ಏಳು ಮಕ್ಕಳಿಗೆ ಬರುವುದಿಲ್ಲ. ಆ ಏಳು ಮಕ್ಕಳು ಈಗಲೂ ಶಾಲೆಯಲ್ಲೇ ಇದ್ದಾರೆ, ಇನ್ನೂ ಸಮಯವಿದೆ.